ಅಂಗಳದ ಹಾಸು, ಮಳೆನೀರಿನ ಹಾದಿ

ಗೇಟಿನಿಂದ ಹೊಸ್ತಿಲವರೆಗಿನ ಜಾಗಕ್ಕೆ ಏನು ಹಾಸಬೇಕೆಂಬ ಪ್ರಶ್ನೆ ಇಂದು ಮನೆ ಕಟ್ಟುವ ಕೆಲಸದ ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹಣ ಕರಗುತ್ತ ಬಂದಿರುತ್ತದೆ. ಕಾರಿನ ಭಾರ ತಡೆಯಬೇಕು, ಕೆಸರಾಗಬಾರದು, ನೋಡಲು ಚೆನ್ನಾಗಿರಬೇಕು ಎಂಬಲ್ಲಿಗೆ ಯೋಚನೆ ಮುಗಿಯುತ್ತದೆ. ಕರ್ನಾಟಕದ ಅಂಗಳಗಳ ಚರಿತ್ರೆಯನ್ನು ನೋಡಿದರೆ ಈ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿರುವುದು ಕಾಣುತ್ತದೆ. ಕಾಲಡಿಯ ಮಣ್ಣು ಯಾವುದು, ಅದರ ಮೇಲೆ ನಡೆಯುವ ಕೆಲಸ ಯಾವುದು, ಬಿದ್ದ ಮಳೆ ಎಲ್ಲಿಗೆ ಹೋಗಬೇಕು ಎಂಬ ಮೂರನ್ನೂ ಹಳೆಯ ಅಂಗಳಗಳು ಒಟ್ಟಿಗೆ ಬಗೆಹರಿಸುತ್ತಿದ್ದವು. ಮೂರನೆಯದನ್ನು ನಾವು ಕೈಬಿಟ್ಟಿದ್ದೇವೆ. ಅದರ ಬೆಲೆಯನ್ನು ನಮ್ಮ ಊರುಗಳು ತೆರುತ್ತಿವೆ ಎಂಬುದು ನನ್ನ ವಾದ.

ಕರಾವಳಿ ಮತ್ತು ಮಲೆನಾಡಿನ ಅಂಗಳವನ್ನೇ ನೋಡೋಣ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಆ ಸೀಮೆಯಲ್ಲಿ ಮಣ್ಣಿನ ಅಂಗಳ ಪ್ರತಿ ಮಳೆಗಾಲಕ್ಕೂ ಕೆಡುತ್ತದೆ. ಮಳೆ ಬಿಟ್ಟ ಮೇಲೆ ಅದನ್ನು ಕೆತ್ತಿ, ಸಮ ಮಾಡಿ, ಬಡಿದು ಗಟ್ಟಿಗೊಳಿಸಿ, ಸಗಣಿ ಸಾರಿಸುತ್ತಿದ್ದರು. ಚಾಲಿ ಅಡಿಕೆ ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕು. ಅಂಗಳ ಅದಕ್ಕೆ ಅಣಿಯಾಗಬೇಕಿತ್ತು. ಮಳೆಗಾಲದಲ್ಲಿ ಹನಿಯ ಹೊಡೆತಕ್ಕೆ ಮಣ್ಣು ಏಳದಂತೆ, ಪಾಚಿಯಲ್ಲಿ ಕಾಲು ಜಾರದಂತೆ ಅಡಿಕೆಯ ಸೋಗೆ ಹಾಸುತ್ತಿದ್ದರು. ಬಯಲುಸೀಮೆಯ ಕಣವೂ ಹೀಗೆಯೇ: ನೀರು ಹಾಕಿ, ದನ ತುಳಿಸಿ, ಗುಂಡು ಉರುಳಿಸಿ, ಸಗಣಿ ಬಳಿದು ಸುಗ್ಗಿಗೆಂದು ಪ್ರತಿವರ್ಷ ಹೊಸದಾಗಿ ಮಾಡಿದ ನೆಲ. ಇವು ಒಮ್ಮೆ ಹಾಸಿ ಮರೆತುಬಿಡುವ ನೆಲಗಳಾಗಿರಲಿಲ್ಲ. ವರ್ಷದ ಕೆಲಸಗಳ ಸರದಿಯಲ್ಲಿ ಅವುಗಳಿಗೂ ಒಂದು ಪಾಲಿತ್ತು.

ಎಲ್ಲ ಮಣ್ಣೂ ಹೀಗೆ ಬಡಿಸಿಕೊಂಡು ಗಟ್ಟಿಯಾಗುವುದಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಅಂಥ ಸೀಮೆಗೆ ಕಲಬುರಗಿಯ ಕಡೆಯ ಸುಣ್ಣದಕಲ್ಲು ಒದಗಿಬಂತು. ಭೀಮಾ ತೀರದ ಆ ಪ್ರಾಚೀನ ಶಿಲೆ ಪದರ ಪದರವಾಗಿ ರೂಪುಗೊಂಡದ್ದು. ಹೀಗಾಗಿ ಹೆಚ್ಚು ಕೆತ್ತನೆಯಿಲ್ಲದೆ ಫರಸಿಯಾಗಿ ಬಿಡಿಸಿಕೊಳ್ಳುತ್ತದೆ. 1871ರಲ್ಲಿ ಮುಂಬೈ ಮತ್ತು ಮದರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಈ ಕಲ್ಲು ಸಿಗುವ ಶಹಾಬಾದ್, ವಾಡಿ ಎರಡೂ ಆ ದಾರಿಯಲ್ಲೇ ಇವೆ. ಭಾರವಾದ ಕಲ್ಲನ್ನು ದೂರದ ಊರುಗಳಿಗೆ ಸಾಗಿಸುವುದು ಇದರಿಂದ ಸುಲಭವಾಯಿತು; ಶಹಾಬಾದ್ ಕಲ್ಲಿನ ಹೆಸರು ತನ್ನ ಸೀಮೆಯಾಚೆಗೂ ಹಬ್ಬಿತು. ದಕ್ಷಿಣದಲ್ಲಿ ಬೆಂಗಳೂರು, ಕೋಲಾರದ ಸುತ್ತ ನೆಲದಿಂದ ಎದ್ದುನಿಂತ ಬಂಡೆಗಳೇ ಚಪ್ಪಡಿಗಳಾದವು. ಎರಡೂ ಕಡೆ ಅಂಗಳದ ಕಲ್ಲುಗಳನ್ನು ಮಣ್ಣು ಅಥವಾ ಮರಳಿನ ಮೇಲೆ ಕೂರಿಸಿದಾಗ ಸಂದುಗಳು ತೆರೆದೇ ಇರುತ್ತಿದ್ದವು. ಅವುಗಳಲ್ಲಿ ಹುಲ್ಲೂ ಬೆಳೆಯುತ್ತಿತ್ತು, ನೀರೂ ಇಳಿಯುತ್ತಿತ್ತು.

ಇಪ್ಪತ್ತನೆಯ ಶತಮಾನ ಈ ಸಂದನ್ನು ಮುಚ್ಚಿತು. ಫರಸಿ ಕೊಟ್ಟ ಸುಣ್ಣದಕಲ್ಲೇ ಸಿಮೆಂಟಿಗೂ ಮೂಲವಸ್ತುವಾಯಿತು. 1936ರಲ್ಲಿ ಎಸಿಸಿ ಎಂಬ ಒಂದೇ ಕಂಪನಿಯಾಗಿ ಸೇರಿದ ಸಿಮೆಂಟ್ ಕಂಪನಿಗಳಲ್ಲಿ ಶಹಾಬಾದಿನದೂ ಒಂದು. ಸಿಮೆಂಟ್ ಕೈಗೆಟುಕುವ ಸರಕಾದಂತೆ ಅಂಗಳಕ್ಕೆ ಕಾಂಕ್ರೀಟ್ ಬಂತು. ನಗರದ ಮನೆಗಳಲ್ಲಿ ಅಂಗಳವೇ ಕಾರು ನಿಲ್ಲಿಸುವ ಜಾಗವಾಯಿತು. ಆಮೇಲೆ ಬಂದ ಇಂಟರ್‌ಲಾಕ್ ಬ್ಲಾಕುಗಳಿಗೆ 2006ರಲ್ಲಿ ಭಾರತೀಯ ಮಾನಕ ಬ್ಯೂರೊ ಮಾನದಂಡವನ್ನೇ ರೂಪಿಸಿತು. ಹಗುರ ವಾಹನ ಓಡಾಡುವಲ್ಲಿ 60 ಮಿ.ಮೀ. ದಪ್ಪದ ಬ್ಲಾಕನ್ನು ಅದು ಸೂಚಿಸಿತ್ತು. ಈ ಬ್ಲಾಕುಗಳು ಮರಳಿನ ಹಾಸಿನ ಮೇಲೆ ಕೂತು, ಮರಳು ತುಂಬಿದ ಸಂದುಗಳಿಂದ ಒಂದಕ್ಕೊಂದು ಬಿಗಿಯಾಗುವಂಥವು. ಅವನ್ನು ಕಾಂಕ್ರೀಟಿನ ಮೇಲೆ ಕೂರಿಸಿ ಸಂದಿಗೆ ಸಿಮೆಂಟ್ ಮೆತ್ತಿದಾಗ ಹೆಸರಷ್ಟೇ ಹೊಸದು. ನೀರಿನ ಪಾಲಿಗೆ ಅದೂ ಮುಚ್ಚಿದ ನೆಲವೇ.

ಇಷ್ಟು ಚಿಕ್ಕ ಜಾಗದಿಂದ ಏನಾದೀತು ಎನ್ನುವವರು ಲೆಕ್ಕ ಹಾಕಲಿ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. 200 ಚದರಡಿಯ ಅಂಗಳದ ಮೇಲೆ ವರ್ಷಕ್ಕೆ ಸುಮಾರು 18,000 ಲೀಟರ್ ನೀರು ಬೀಳುತ್ತದೆ. ಅಂದರೆ 6,000 ಲೀಟರಿನ ಮೂರು ಟ್ಯಾಂಕರ್. ಅಷ್ಟೂ ಇಂಗುವುದಿಲ್ಲ, ನಿಜ. ಆದರೆ ಮುಚ್ಚಿದ ನೆಲದಿಂದ ಅದು ನೇರ ಚರಂಡಿಗೆ ಇಳಿಯುತ್ತದೆ. ಬೀದಿಯ ಪ್ರತಿ ಮನೆಯಿಂದಲೂ ಒಮ್ಮೆಲೇ ಇಳಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮುಳುಗಿದ ಬೆಂಗಳೂರು 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತಿತು. ಕೆರೆ, ರಾಜಕಾಲುವೆಗಳ ಒತ್ತುವರಿಯಂಥ ದೊಡ್ಡ ಕಾರಣಗಳು ಇದಕ್ಕಿವೆ. ಆದರೂ ಮನೆಯ ಯಜಮಾನನೊಬ್ಬ ಯಾರ ಅಪ್ಪಣೆಗೂ ಕಾಯದೆ ಸರಿಪಡಿಸಬಹುದಾದದ್ದು ತನ್ನ ಅಂಗಳವನ್ನು.

ಇದಕ್ಕೆ ಆಕ್ಷೇಪಗಳಿವೆ, ತೂಕದವೂ ಹೌದು. ಬಡಿದು ಸಗಣಿ ಸಾರಿಸಿದ ನೆಲದಲ್ಲೂ ನೀರು ಹೆಚ್ಚು ಇಂಗುತ್ತಿರಲಿಲ್ಲವಲ್ಲ ಎನ್ನಬಹುದು. ಇಂಗುತ್ತಿರಲಿಲ್ಲ, ಆದರೆ ಅಲ್ಲಿಂದ ಹರಿದ ನೀರಿಗೆ ಪಕ್ಕದಲ್ಲೇ ಹಿತ್ತಿಲು, ತೋಟದ ಮಣ್ಣು ಸಿಗುತ್ತಿತ್ತು. ಇಂದಿನ ಅಂಗಳದ ಅಂಚಿನಲ್ಲಿರುವುದು ಕಾಂಪೌಂಡು, ಅದರಾಚೆ ಡಾಂಬರು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಹಳೆಯ ಅಂಗಳ ನಿಂತದ್ದು ಹೆಂಗಸರ ದುಡಿಮೆಯ ಮೇಲೆ. ಬೆಳಗಾದರೆ ಗುಡಿಸಿ, ಸಾರಿಸಿ, ರಂಗೋಲಿ ಇಡುವ ಬೆನ್ನಿಗೆ ಸಿಮೆಂಟ್ ಬಿಡುವು ಕೊಟ್ಟಿತು. ಆ ಬಿಡುವನ್ನು ಕಸಿಯುವ ಹಕ್ಕು ಹಳತನ್ನು ಹೊಗಳುವ ಯಾರಿಗೂ ಇಲ್ಲ. ಮೂರನೆಯದು ಅಡಿಪಾಯದ ಚಿಂತೆ. ಎರೆಮಣ್ಣಿನಲ್ಲಿ ಗೋಡೆಯ ಬುಡಕ್ಕೆ ನೀರಿಳಿದರೆ ಮಣ್ಣು ಉಬ್ಬಿ ಗೋಡೆ ಬಿರಿಯುವುದು ನಿಜವಾದ ಅಪಾಯ. ಅಲ್ಲಿ ಗೋಡೆಯ ಹತ್ತಿರ ನೆಲ ಮುಚ್ಚಿ, ನೀರನ್ನು ದೂರದ ಇಂಗುಗುಂಡಿಗೆ ಸಾಗಿಸುವುದೇ ಸರಿ.

ಹಾಗಾಗಿ ಸಗಣಿಯ ಅಂಗಳಕ್ಕೆ ಮರಳಬೇಕೆಂದು ಯಾರೂ ಹೇಳಬೇಕಾಗಿಲ್ಲ. ಕಾರಿನ ಚಕ್ರ ಹಾಯುವ ಎರಡು ಪಟ್ಟಿಗಳಿಗೆ ದಪ್ಪ ಚಪ್ಪಡಿ ಹಾಕಿ ನಡುವೆ ಜಲ್ಲಿ ಅಥವಾ ಹುಲ್ಲು ಬಿಡಬಹುದು. ತೆಳು ಫರಸಿ ಕಾರಿನ ಭಾರಕ್ಕೆ ಸೀಳುತ್ತದೆ, ಅದು ನಡೆದಾಡುವ ಜಾಗಕ್ಕಿರಲಿ. ಇಂಟರ್‌ಲಾಕ್ ಬೇಕೆಂದರೆ ಜಲ್ಲಿ, ಮರಳಿನ ಮೇಲೆಯೇ ಕೂರಿಸಿ ಎಂದು ಮೇಸ್ತ್ರಿಗೆ ಕಡ್ಡಾಯವಾಗಿ ಹೇಳಬೇಕು. ಸಂದಿಗೆ ಸಿಮೆಂಟ್ ತುಂಬಲು ಬಿಡಬಾರದು. ಇಳಿಜಾರು ಬೀದಿಯ ಕಡೆಗಲ್ಲದೆ ಗಿಡದ ಪಾತಿಯ ಕಡೆಗಿರಲಿ. ಇವುಗಳಲ್ಲಿ ಯಾವುದಕ್ಕೂ ದಿನವೂ ಸಾರಿಸುವ ದುಡಿಮೆ ಬೇಡ. ಸಂದಿನಲ್ಲಿ ಹುಟ್ಟುವ ಕಳೆಯನ್ನು ಆಗಾಗ ಕಿತ್ತರೆ ಸಾಕು, ಆ ಕೆಲಸವನ್ನು ಮನೆಯ ಗಂಡಸರೂ ಮಾಡಬಹುದು. ಮಣ್ಣು ಪರೀಕ್ಷಿಸಿ, ಕೆಲಸ ನೋಡಿ, ನೀರಿಗೆ ದಾರಿ ಗೊತ್ತುಮಾಡಿ ಆಮೇಲೆ ಕಲ್ಲಿನ ಬಣ್ಣ ಆರಿಸುವುದು ಈ ನಾಡಿನ ಅನುಭವ ಕಲಿಸಿದ ಕ್ರಮ. ಆ ಕ್ರಮವನ್ನು ತಲೆಕೆಳಗು ಮಾಡಿದ ಮನೆ ಎಷ್ಟೇ ಚೆಂದವಿದ್ದರೂ ತನ್ನ ಪಾಲಿನ ಹೊಣೆಯನ್ನು ಬೀದಿಗೆ ದಾಟಿಸಿದ ಮನೆಯೇ.