ಕೌದಿಯ ಮೇಲೊಂದು ಮನೆತನದ ಚರಿತ್ರೆ

ಇತಿಹಾಸ ಎಂದೊಡನೆ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವುದು ಏಳು ಸುತ್ತಿನ ಕೋಟೆ. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ದುರ್ಗವನ್ನು ವಶಪಡಿಸಿಕೊಂಡದ್ದು ಪರೀಕ್ಷೆ ಬರೆಯುವ ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಅದೇ ಮಕ್ಕಳನ್ನು "ನಿಮ್ಮ ಅಜ್ಜಿಯ ತಾಯಿಯ ಹೆಸರೇನು? ಅವರ ತವರು ಯಾವ ಊರು?" ಎಂದು ಕೇಳಿ ನೋಡಿ. ಹೆಚ್ಚಿನವರು ತಲೆ ತಗ್ಗಿಸುತ್ತಾರೆ. ಅರಸರ ಚರಿತ್ರೆಗೆ ಶಾಸನಗಳಿವೆ, ಕಡತಗಳಿವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಾಮಾನ್ಯ ಮನೆಗಳ ಚರಿತ್ರೆಗೆ ಏನಿದೆ? ಒಂದು ದಾಖಲೆ ಖಂಡಿತ ಇದೆ. ಅದನ್ನು ನಾವು ಮಡಚಿ ಅಟ್ಟದ ಮೇಲೆ ಇಟ್ಟಿದ್ದೇವೆ. ಅದೇ ಕೌದಿ.

ಹಳೆಯ ಬಟ್ಟೆಯ ಹೊಸ ಬಾಳು

ಸವೆದ ಸೀರೆ, ಹರಿದ ಪಂಚೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಇವನ್ನು ಪದರ ಪದರವಾಗಿ ಹಾಸಿ ಸಾಲು ಸಾಲಾಗಿ ದಾರ ಓಡಿಸಿದರೆ ಕೌದಿ ಆಗುತ್ತದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಪ್ರಾಂತದ ರಲ್ಲಿ ಇದರ ಅಕ್ಕತಂಗಿಯರು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇಂದು ಅಮೆರಿಕದ ವಸ್ತುಸಂಗ್ರಹಾಲಯಗಳವರೆಗೂ ಹೋಗಿದೆ. ಸಿದ್ದಿಗಳಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂವರೂ ಇದ್ದಾರೆ; ಕವಂದಿ ಮಾತ್ರ ಎಲ್ಲರದು. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ.

ಉರ್ದುವಿನಲ್ಲಿ ಇದನ್ನು ಗುದಡಿ ಎನ್ನುತ್ತೇವೆ. ಬಡವರ ಮನೆಯಲ್ಲಿ ಹುಟ್ಟಿ ಹೆಸರು ಮಾಡಿದವನಿಗೆ 'ಗುದಡಿಯ ಮಾಣಿಕ್ಯ' ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಉಂಟು.

ಹಾಸಿಗೆ, ರಜಾಯಿಗಳ ಮಾತು ಬಂದಾಗ ಪಿಂಜಾರರನ್ನು ಮರೆಯುವಂತಿಲ್ಲ. ಕಮಾನಿನಂತಹ ಬಿಲ್ಲಿನ ತಂತಿಯನ್ನು ಮರದ ಕೊಡತಿಯಿಂದ ಮೀಟಿ, ಗಂಟುಗಟ್ಟಿದ ಹತ್ತಿಯನ್ನು ಮೋಡದಂತೆ ಹಗುರಗೊಳಿಸುತ್ತಿದ್ದವರು ಅವರು. ಅವರ ಇನ್ನೊಂದು ಹೆಸರಾದ ನದಾಫ್ ಎಂಬುದು ಅರಬ್ಬಿ ಪದ; ಹತ್ತಿ ಹಿಂಜುವವ ಎಂದೇ ಅದರ ಅರ್ಥ. ಕ್ರಿ.ಶ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಒಳಗಾದ ಸೂಫಿ ಮನ್ಸೂರ್ ಹಲ್ಲಾಜರ ಹೆಸರಿನಲ್ಲಿರುವ 'ಹಲ್ಲಾಜ್' ಪದಕ್ಕೂ ಅದೇ ಕಸುಬಿನ ನಂಟು. ಯಂತ್ರ ಬಂತು, ಫೋಮ್ ಹಾಸಿಗೆ ಬಂತು. ಬೀದಿಯಲ್ಲಿ ಕೇಳುತ್ತಿದ್ದ ಬಿಲ್ಲಿನ ನಾದ ಅಪರೂಪವಾಯಿತು.

ತೇಪೆಗೂ ಚಿತ್ರಕ್ಕೂ ಒಂದೇ ಹೆಸರು

ಇಲ್ಲೊಂದು ಸ್ವಾರಸ್ಯವಿದೆ. ಅರಬ್ಬಿಯ 'ಮುರಕ್ಕಾ' ಎಂಬ ಪದಕ್ಕೆ ತೇಪೆ ಹಾಕಿದ್ದು ಎಂದು ಅರ್ಥ. ಸೂಫಿಗಳು ತೊಡುತ್ತಿದ್ದ ತೇಪೆಯ ನಿಲುವಂಗಿಗೆ ಆ ಹೆಸರಿತ್ತು. ಮುಂದೆ ಪಾರಸಿಕರು, ಮೊಘಲರು ಬಿಡಿ ಚಿತ್ರಗಳನ್ನೂ ಸುಂದರ ಬರಹದ ಹಾಳೆಗಳನ್ನೂ ಜೋಡಿಸಿ ಮಾಡಿದ ಸಂಪುಟಕ್ಕೂ ಅದೇ ಹೆಸರನ್ನಿಟ್ಟರು. ಜಹಾಂಗೀರನ ಕಾಲದ ಮುರಕ್ಕಾ-ಎ-ಗುಲ್ಶನ್ ಇಂದಿಗೂ ತೆಹರಾನಿನ ಗುಲಿಸ್ತಾನ್ ಅರಮನೆಯ ಗ್ರಂಥಾಲಯದಲ್ಲಿದೆ. ಎಂದರೆ ತೇಪೆಯ ಬಟ್ಟೆ ಮತ್ತು ಚಿತ್ರಗಳ ಆಲ್ಬಮ್ ಎರಡನ್ನೂ ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಕರೆದಿದ್ದರು. ಭಾವಚಿತ್ರಗಳ ಕೌದಿ ಈ ಎರಡನ್ನೂ ಮತ್ತೆ ಒಂದುಗೂಡಿಸುತ್ತದೆ.

ಬಟ್ಟೆಯ ಮೇಲೆ ಚಿತ್ರ ಮೂಡಿಸುವುದು ಕಂಪ್ಯೂಟರ್ ಕಾಲದ ವಿದ್ಯೆಯೇನಲ್ಲ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳನ್ನು ಬಳಸಿ ಬಿಸಿಲಿನಲ್ಲಿ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನ ಕಂಡುಹಿಡಿದರು. ಎಂಜಿನಿಯರುಗಳ 'ನೀಲಿ ನಕ್ಷೆ' ಹುಟ್ಟಿದ್ದು ಇದರಿಂದಲೇ. ಆ ಶತಮಾನದ ಕೊನೆಯ ಹೊತ್ತಿಗೆ ಇದೇ ವಿಧಾನದಿಂದ ಹತ್ತಿ ಬಟ್ಟೆಯ ಮೇಲೂ ಕುಟುಂಬದ ಚಿತ್ರಗಳನ್ನು ಮೂಡಿಸತೊಡಗಿದರು. ಮುಂದೆ 1987ರ ಅಕ್ಟೋಬರ್ 11ರಂದು ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಹೊಲಿದ 1,920 ಬಟ್ಟೆಯ ಫಲಕಗಳನ್ನು ವಾಷಿಂಗ್ಟನ್ನಿನ ಮೈದಾನದಲ್ಲಿ ಹಾಸಲಾಯಿತು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಸಮಾಜ ಹೆಸರೆತ್ತಲು ಹಿಂಜರಿದವರ ಹೆಸರನ್ನು ಸೂಜಿದಾರ ಉಳಿಸಿತು.

ಹೊಲಿಯುವ ಕ್ರಮ

ಈಗ ನಮ್ಮ ಕೆಲಸಕ್ಕೆ ಬರೋಣ. ಮೊದಲು 12 ಚಿತ್ರಗಳನ್ನು ಆರಿಸಿಕೊಳ್ಳಿ. ಮೂಲ ಫೋಟೋವನ್ನು ಎಂದಿಗೂ ಕತ್ತರಿಸಬೇಡಿ, ಇಸ್ತ್ರಿಗೆ ಒಡ್ಡಬೇಡಿ. ಸ್ಕ್ಯಾನ್ ಮಾಡಿಸಿ ಮೂಲವನ್ನು ಕೊಟ್ಟವರಿಗೆ ಹಿಂದಿರುಗಿಸಿ.

ಬಿಳಿ ಹತ್ತಿ ಬಟ್ಟೆಯನ್ನು ಒಗೆದು ಗಂಜಿ ತೆಗೆದು ಒಣಗಿಸಿಕೊಳ್ಳಿ. ಇಲ್ಲವಾದರೆ ಹೊಲಿದ ಮೇಲೆ ಕುಗ್ಗಿ ಮುಖಗಳು ಸುಕ್ಕಾಗುತ್ತವೆ. ಟೀ ಶರ್ಟಿಗೆ ಚಿತ್ರ ಹಾಕುವ ಅಂಗಡಿಗಳಲ್ಲಿ ಟ್ರಾನ್ಸ್‌ಫರ್ ಹಾಳೆಯಿಂದ ಬಟ್ಟೆಗೆ ಚಿತ್ರ ಇಳಿಸಿಕೊಡುತ್ತಾರೆ. ತಿಳಿ ಬಣ್ಣದ ಬಟ್ಟೆಯ ಹಾಳೆಗೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಮುದ್ರಿಸಬೇಕು. ಕಪ್ಪುಗಳ ಮೇಲೆ ಚಿತ್ರ ಹಾಕುವ ಸಬ್ಲಿಮೇಶನ್ ಶಾಯಿ ಪಾಲಿಯೆಸ್ಟರಿಗೆ ಮಾತ್ರ ಹಿಡಿಯುತ್ತದೆ, ಶುದ್ಧ ಹತ್ತಿಗೆ ನಿಲ್ಲುವುದಿಲ್ಲ. ನೀಲಿ ಚಿತ್ರದ ವಿಧಾನ ಅನುಸರಿಸಿದವರು ಮುಂದೆ ಆ ಬಟ್ಟೆಗೆ ಸೋಡಾ ಸೋಕಿಸಬಾರದು; ಕ್ಷಾರ ತಗುಲಿದರೆ ನೀಲಿ ಮಾಸುತ್ತದೆ.

ಚಿತ್ರದ ತುಂಡು ಆರೂವರೆ ಅಂಗುಲದ ಚೌಕವಿರಲಿ. ಸುತ್ತಲೂ ಮನೆಯ ಹಳೆಯ ಸೀರೆಯಿಂದ ಎರಡೂವರೆ ಅಂಗುಲದ ಪಟ್ಟಿ ಜೋಡಿಸಿ. ಎಲ್ಲ ಕಡೆ ಕಾಲು ಅಂಗುಲ ಹೊಲಿಗೆಗೆ ಹೋದರೆ, ಜೋಡಿಸಿ ಮುಗಿದಾಗ ಚೌಕ 10 ಅಂಗುಲ ಉಳಿಯುತ್ತದೆ. ಮೂರರಂತೆ ನಾಲ್ಕು ಸಾಲು ಸೇರಿಸಿದರೆ 30 ಅಂಗುಲ ಅಗಲ, 40 ಅಂಗುಲ ಉದ್ದದ ಕೌದಿ ಸಿದ್ಧ. ಕೆಳಗೆ ಹಳೆ ಪಂಚೆ, ನಡುವೆ ತೆಳು ಹತ್ತಿಯ ಪದರ ಅಥವಾ ಇನ್ನೊಂದು ಸೀರೆ ಹಾಸಿ, ದೊಡ್ಡ ಟಾಕು ಹಾಕಿ ಮೂರನ್ನೂ ಹಿಡಿಸಿ. ಸಿದ್ದಿ ಹೆಂಗಸರದು ಅಂಚಿನಿಂದ ನಡುವಿಗೆ ಸಾಗುವ ಹೊಲಿಗೆ. ಇಲ್ಲಿ ನಡುವಿನಿಂದ ಅಂಚಿಗೆ ಸಾಗಿದರೆ ಚಿತ್ರದ ಬಟ್ಟೆ ಮುದುಡುವುದಿಲ್ಲ. ಮುಖದ ಮೇಲೆ ಸೂಜಿ ಆಡಿಸಬೇಡಿ, ಚೌಕಟ್ಟಿನ ಗುಂಟ ದಾರ ಓಡಲಿ. ಇಸ್ತ್ರಿ ಮಾಡುವಾಗ ಹಿಂಬದಿಯಿಂದ ಮಾಡಿ.

ಕೊನೆಯ ಕೆಲಸವೇ ಮುಖ್ಯ. ಪ್ರತಿ ಚೌಕದ ಹಿಂಬದಿಯಲ್ಲಿ ಹೆಸರು, ಊರು, ವರ್ಷವನ್ನು ಅಳಿಸದ ಶಾಯಿಯಲ್ಲಿ ಬರೆಯಿರಿ. ಹೆಸರಿಲ್ಲದ ಭಾವಚಿತ್ರ ಎರಡು ತಲೆಮಾರಿನ ನಂತರ ಅಪರಿಚಿತರ ಚಿತ್ರ.

ಹಿರಿಯರ ಮುಖವನ್ನು ಹೊದೆಯುವುದು, ಕಾಲ ಬಳಿ ಹಾಸುವುದು ಮನಸ್ಸಿಗೆ ಸರಿ ಬಾರದು. ಆದ್ದರಿಂದ ಇದನ್ನು ಗೋಡೆಗೆ ತೂಗುಹಾಕಬಹುದು. ನಮಾಜು ಮಾಡುವ ಕೋಣೆಯಲ್ಲಿ ಬೇಡ ಎನ್ನುವವರು ಪೆಟ್ಟಿಗೆಯಲ್ಲಿಟ್ಟು ಮನೆಮಂದಿ ಸೇರಿದಾಗ ಬಿಡಿಸಬಹುದು.

ಭಾವಚಿತ್ರವೇ ಇಲ್ಲದವರು

ಇಲ್ಲಿ ನನ್ನ ಮನೆಯ ಒಂದು ಮಾತು. ನಮ್ಮ ನಾನಿಯ ಒಂದೇ ಒಂದು ಫೋಟೋ ನಮ್ಮಲ್ಲಿ ಇಲ್ಲ. ಅವರ ಕಾಲದ ಅನೇಕ ಹೆಣ್ಣುಮಕ್ಕಳಂತೆ ಅವರೂ ಸ್ಟುಡಿಯೋ ಮೆಟ್ಟಿಲು ಹತ್ತಿದವರಲ್ಲ. ಗುಂಪಿನ ಚಿತ್ರಗಳಲ್ಲಿ ಗಂಡಸರು ಕುರ್ಚಿಯಲ್ಲಿ ಕುಳಿತಿದ್ದಾರೆ, ಮಕ್ಕಳು ಮುಂದೆ ನಿಂತಿದ್ದಾರೆ, ನಾನಿ ಇಲ್ಲ. ಉಳಿದಿರುವುದು ಅವರೇ ಹೊಲಿದ ಗುದಡಿಯಲ್ಲಿನ ಅವರ ಹಸಿರು ಸೀರೆಯ ಒಂದು ತುಂಡು. ನಾನು ಹೊಲಿಯುವ ಕೌದಿಯ ನಡುವಿನ ಚೌಕದಲ್ಲಿ ಚಿತ್ರವಿರುವುದಿಲ್ಲ. ಆ ಹಸಿರು ತುಂಡು ಇರುತ್ತದೆ, ಹಿಂಬದಿಯಲ್ಲಿ ಅವರ ಹೆಸರು ಇರುತ್ತದೆ.

ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ನಂತರ. ಎರಡನ್ನೂ ಕಂಡ ಕಣ್ಣುಗಳು ಎಷ್ಟಿದ್ದಾವು? 2022ರ ಚಿತ್ರ ನಿಮ್ಮ ಮೊಬೈಲಿನಲ್ಲಿದೆ. ಅದರ ಪಕ್ಕದಲ್ಲಿ 1933ರ ಕೋಡಿಯನ್ನು ಕಂಡ ಅಜ್ಜನ ಪಂಚೆಯ ತುಂಡು ಸೇರಿದರೆ, ಆ ಕೌದಿ ನಮ್ಮ ತಾಲ್ಲೂಕಿನ ಇತಿಹಾಸದ ಪುಟವಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಸೂಜಿ ಹಿಡಿಯುವ ಮೊದಲು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಒಂದೊಂದು ಫೋಟೋ ತೋರಿಸಿ "ಇವರು ಯಾರು?" ಎಂದು ಕೇಳಿ, ಉತ್ತರ ಬರೆದುಕೊಳ್ಳಿ. ಬಟ್ಟೆ ನಾಳೆಗೂ ಸಿಗುತ್ತದೆ, ದಾರವೂ ಸಿಗುತ್ತದೆ. ಹೆಸರು ಹೇಳುವವರು ನಾಳೆ ಇರುತ್ತಾರೆಂಬ ಭರವಸೆ ಇಲ್ಲ.