ಸರಿಗಮಕ್ಕೊಂದು ಡಾಕ್ಟರೇಟ್



“ಹಾಡೋದು ಬಿಟ್ಟು ಹಾಡಿನ ಮೇಲೆ ಪುಸ್ತಕ ಬರೆಯೋದೇನಿದೆ?” ಸಂಗೀತದಲ್ಲಿ ಪಿಎಚ್.ಡಿ. ಮಾಡುತ್ತೇನೆಂದರೆ ಮನೆಯಲ್ಲಿ ಇಂಥ ಮಾತು ಬರುವುದುಂಟು. ಈ ವಾದ ಶತಮಾನದಷ್ಟು ಹಳೆಯದು.

1904ರಲ್ಲಿ ಮುಂಬಯಿಯ ವಕೀಲರೊಬ್ಬರು ದಕ್ಷಿಣಕ್ಕೆ ಪ್ರವಾಸ ಹೊರಟರು. ಹೆಸರು ವಿಷ್ಣು ನಾರಾಯಣ ಭಾತಖಂಡೆ. ಎಟ್ಟಯಪುರದಲ್ಲಿ ವೃದ್ಧ ಸುಬ್ಬರಾಮ ದೀಕ್ಷಿತರನ್ನು ಕಂಡರು. ವೆಂಕಟಮಖಿಯ ‘ಚತುರ್ದಂಡಿ ಪ್ರಕಾಶಿಕೆ’ಯನ್ನು ಅಭ್ಯಾಸ ಮಾಡಿದರು. ಈ ವೆಂಕಟಮಖಿಯ ತಂದೆ ಗೋವಿಂದ ದೀಕ್ಷಿತರು ತಂಜಾವೂರು ನಾಯಕ ಅರಸರ ಮಂತ್ರಿ, ಕನ್ನಡ ಮೂಲದವರು! ಅಲ್ಲಿನ 72 ಮೇಳಗಳ ಲೆಕ್ಕಾಚಾರ ಭಾತಖಂಡೆಯವರ ತಲೆಯಲ್ಲಿ ಉಳಿಯಿತು. ಉತ್ತರದ ರಾಗಗಳನ್ನು ಅವರು 10 ಥಾಟುಗಳಲ್ಲಿ ಹೊಂದಿಸಿದರು. ಗೈಡ್ ಇಲ್ಲ, ಫೆಲೋಶಿಪ್ ಇಲ್ಲ, ವೈವಾ ಇಲ್ಲ. ಥಾಟುಗಳ ಬಗ್ಗೆ ಇಂದಿಗೂ ತಕರಾರಿದೆ, ಇರಲಿ. ತಕರಾರಿಗೆ ಎಡೆಕೊಡುವುದೂ ಸಂಶೋಧನೆಯ ಲಕ್ಷಣವೇ.

ಆಮೇಲೆ ಸಂಸ್ಥೆಗಳು ಬಂದವು. 1926ರಲ್ಲಿ ಲಖನೌ ಕಾಲೇಜು, 1932ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸಂಗೀತ ವಿಭಾಗ, 1956ರಲ್ಲಿ ಖೈರಾಗಢದ ಸಂಗೀತ ವಿಶ್ವವಿದ್ಯಾಲಯ.

ಹಾಡುಗಾರರೇ ಸಂಶೋಧಕರಾದರೆ ಹೇಗಿರುತ್ತದೆ? ನನಗೆ ಮೆಚ್ಚಿನ ಉದಾಹರಣೆ ಪುಣೆಯ ಪ್ರಭಾ ಅತ್ರೆ (1932–2024). ವಿಜ್ಞಾನ ಮತ್ತು ಕಾನೂನು ಪದವೀಧರೆ, ಆಕಾಶವಾಣಿಯಲ್ಲಿಯೂ ಕೆಲಸ ಮಾಡಿದವರು. ಗಾಂಧರ್ವ ಮಹಾವಿದ್ಯಾಲಯ ಮಂಡಲದಿಂದ ಡಾಕ್ಟರೇಟ್ ಪಡೆದರು. ಅವರು ಆರಿಸಿಕೊಂಡ ವಿಷಯ ಸರಗಮ್. ಕಛೇರಿಯಲ್ಲಿ ಸ್ವರದ ಹೆಸರು ಹೇಳಿ ಹಾಡುವುದು ಮೇಷ್ಟರ ಪಾಠದಂತೆ, ಭಾವ ಕೆಡುತ್ತದೆ ಎಂದು ಮೂಗು ಮುರಿಯುವವರಿದ್ದರು. ಅಲ್ಲ, ಅದೂ ಗಾಯನದ ಸ್ವಂತ ಸಾಮಗ್ರಿಯೇ ಎಂಬುದು ಅವರ ನಿಲುವು. ಅದನ್ನು ಹಾಡಿಯೂ ತೋರಿಸಿದರು, ಬರೆದೂ ತೋರಿಸಿದರು. ಅವರು ಕಲಿತದ್ದು ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್ ಅವರಲ್ಲಿ. ಇಬ್ಬರೂ ಉಸ್ತಾದ್ ಅಬ್ದುಲ್ ಕರೀಂ ಖಾನರ ಮಕ್ಕಳು. ಮೈಸೂರು ಅರಮನೆಗೆ ಹೋಗಿಬರುತ್ತಿದ್ದ ಖಾನ್‌ಸಾಹೇಬರ ಸರಗಮ್ ಮೇಲೆ ಕರ್ನಾಟಕ ಸಂಗೀತದ ಪ್ರಭಾವವಿದೆ ಎನ್ನುತ್ತಾರೆ ಬಲ್ಲವರು. ತನ್ನ ಗಂಟಲಲ್ಲಿ ಹುಟ್ಟಿದ ಪ್ರಶ್ನೆಯನ್ನೇ ಪ್ರಬಂಧ ಮಾಡಿಕೊಂಡ ಇವರು 1979ರಿಂದ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿದ್ದರು.

ಇನ್ನೊಂದು ಕಡೆ ನೋಡಿ. ನಮ್ಮ ಗಂಗೂಬಾಯಿ ಹಾನಗಲ್ ಕಲಿತದ್ದು ಪ್ರಾಥಮಿಕ ಶಾಲೆಯಷ್ಟೇ. ಆದರೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿಯಾಗಿದ್ದರು. 2009ರ ಕಾಯ್ದೆಯಂತೆ ಮೈಸೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೇ ಬಂತು. ಇಂದಿನ ನಿಯಮದಂತೆ ಆ ಹೆಸರಿನ ಸಂಸ್ಥೆಗೆ ಅವರೇ ಸಂಶೋಧನೆಗೆ ಅರ್ಜಿ ಹಾಕಿದ್ದರೆ ಗುಮಾಸ್ತರು ವಾಪಸ್ ಕಳಿಸುತ್ತಿದ್ದರು! ನಗುವ ಮಾತಲ್ಲ. ದೊಡ್ಡ ವಿದ್ಯೆ ಅಂಕಪಟ್ಟಿಯಿಲ್ಲದವರ ಬಳಿ ಇದೆ, ಅಂಕಪಟ್ಟಿ ಇದ್ದವರು ಅವರಿರುವಾಗಲೇ ಹೋಗಿ ಕೇಳಿಕೊಳ್ಳಬೇಕು. ಅವರೊಂದಿಗೆ ಚೀಜುಗಳೂ ಹೋಗಿಬಿಡುತ್ತವೆ.

ಈಗಿನ ನಿಯಮವೇನು? ಯುಜಿಸಿಯ 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು. ಮೀಸಲು ವರ್ಗದವರಿಗೆ ಶೇ. 5 ರಿಯಾಯಿತಿ. ಕನಿಷ್ಠ 3 ವರ್ಷ, ಕೋರ್ಸ್‌ವರ್ಕ್ ಕಡ್ಡಾಯ. ಮಹಿಳೆಯರಿಗೆ 2 ವರ್ಷ ಹೆಚ್ಚುವರಿ ಅವಧಿ ಸಿಗಬಹುದು. ನೌಕರಿಯಲ್ಲಿರುವವರು ಕಚೇರಿಯ ಒಪ್ಪಿಗೆ ಪತ್ರ ತಂದರೆ ಪಾರ್ಟ್‌ಟೈಮ್ ದಾರಿಯೂ ಇದೆ. ಲೋಕಲ್ ಟ್ರೈನಿನಲ್ಲಿ ಓಡಾಡುವ ನಮ್ಮಂಥವರಿಗೆ ಇದೇ ದೊಡ್ಡ ಸಮಾಧಾನ.

ಆದರೆ ಅರ್ಜಿಗಿಂತ ಮೊದಲು ವಿಷಯ ಬೇಕಲ್ಲ! ಗೈಡ್ ಕೊಟ್ಟದ್ದನ್ನು ಹೊತ್ತುಕೊಂಡು ಬರಬೇಡಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ದೇಶದ ಮಹಾಪ್ರಬಂಧಗಳನ್ನು ಬಿಟ್ಟಿಯಾಗಿ ಓದಬಹುದು. ನಿಮ್ಮ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿದ್ದಾರೆಯೇ ಎಂದು ಒಂದು ಭಾನುವಾರ ಕೂತು ಹುಡುಕಿ.