ಅಸ್ತ್ರ ಒಲೆಯ ಕಥೆ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿಯಿದೆ. 1977ರ ಸೆಪ್ಟೆಂಬರ್‌ನಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ಆ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಈ ಊರಿನ ಒಂದು ವಿಚಿತ್ರ ಲೆಕ್ಕ ಬರೆಯುತ್ತಿದ್ದರು. ಒಂದು ಹಳ್ಳಿ ನಡೆಯಲು ಎಷ್ಟು ಶಕ್ತಿ ಬೇಕು? ಅದು ಎಲ್ಲಿಂದ ಬರುತ್ತದೆ? ಯಾರು ತರುತ್ತಾರೆ? ವಿದ್ಯುತ್ತು, ಸೀಮೆಎಣ್ಣೆಗಳ ಜೊತೆಗೆ ಎತ್ತಿನ ದುಡಿಮೆ, ಮನುಷ್ಯರ ದುಡಿಮೆ, ಒಲೆಗೆ ಹೋಗುವ ಪುಳ್ಳೆ ಸೌದೆ ಎಲ್ಲವೂ ಆ ಲೆಕ್ಕಕ್ಕೆ ಸೇರಿದವು.

ಫಲಿತಾಂಶ ನಗರದವರ ಊಹೆಯನ್ನು ತಲೆಕೆಳಗು ಮಾಡಿತು. ಊರಿನ ಶಕ್ತಿಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಸೌದೆಯೇ. ಅದು ವರ್ಷಕ್ಕೆ 217 ಟನ್, ಅಂದರೆ ತಲೆಗೆ ಸುಮಾರು 600 ಕಿಲೋ. ಹೆಚ್ಚಿನ ಸೌದೆ ಉರಿಯುತ್ತಿದ್ದದ್ದು ಅಡುಗೆಗೆ, ಉಳಿದದ್ದರಲ್ಲಿ ಬಹುಪಾಲು ಬಚ್ಚಲ ಹಂಡೆಯ ಕೆಳಗೆ. ವಿದ್ಯುತ್ತಿನ ಪಾಲು ಸುಮಾರು ಶೇಕಡಾ ಒಂದು ಮಾತ್ರ. ಮನುಷ್ಯರ ದುಡಿಮೆಯನ್ನು ಬಿಡಿಸಿ ನೋಡಿದಾಗ ಹೆಂಗಸರದು ಶೇ 53, ಗಂಡಸರದು ಶೇ 31, ಮಕ್ಕಳದು ಶೇ 16. ದೇಶದ ಇಂಧನ ಸಮಸ್ಯೆ ಎಂದರೆ ಪೆಟ್ರೋಲು ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ ಅದು. ಪುರದ ಇಂಧನ ಸಮಸ್ಯೆ ಇದ್ದದ್ದು ಅಡುಗೆಮನೆಯಲ್ಲಿ.

ಈ ಕೆಲಸದ ಹಿಂದಿದ್ದವರು ಅಮೂಲ್ಯ ಕೆ.ಎನ್. ರೆಡ್ಡಿ. ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಜಗತ್ತಿನ ವಿದ್ಯಾರ್ಥಿಗಳು ಓದುತ್ತಿದ್ದ ಪಠ್ಯಪುಸ್ತಕವನ್ನು ಜಾನ್ ಬಾಕ್ರಿಸ್ ಜೊತೆ ಬರೆದವರು. ಅವರ ಮುಂದಾಳತ್ವದಲ್ಲಿ 1974ರಲ್ಲಿ ಸಂಸ್ಥೆಯೊಳಗೆ ಗ್ರಾಮೀಣ ತಂತ್ರಜ್ಞಾನಕ್ಕೆಂದು ಒಂದು ಕೇಂದ್ರ ಹುಟ್ಟಿತು. ಅದರ ಉದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’. ಪುರದ ಬಳಿಯ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು.

ಹೊಗೆಯಿಲ್ಲದ ಒಲೆಯ ಕನಸು ಅದಕ್ಕೂ ಹಳೆಯದು. ವಾರ್ಧಾದ ಮಗನ್‌ವಾಡಿಯಲ್ಲಿ 1940ರ ದಶಕದಲ್ಲೇ ‘ಮಗನ್ ಚೂಲ್ಹಾ’ ರೂಪುಗೊಂಡಿತ್ತು. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಲಕ್ಷಾಂತರ ಮನೆಗಳಿಗೆ ಹೊಗೆಯಿಲ್ಲದ ಅಡುಗೆಮನೆ ಬೇಕೆಂದು 1953ರಲ್ಲಿ ಪುಸ್ತಕವನ್ನೇ ಬರೆದರು. ಇವರ ಗುರಿ ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸುವುದು. ಅಸ್ತ್ರದವರು ಅದರೊಂದಿಗೆ ಇನ್ನೊಂದು ಪ್ರಶ್ನೆ ಸೇರಿಸಿದರು: ಸೌದೆಯ ಶಾಖದಲ್ಲಿ ಪಾತ್ರೆಗೆ ತಲುಪುವುದೆಷ್ಟು? ಹಳೆಯ ಒಲೆಯಲ್ಲಿ ಅದು ಸುಮಾರು ಹತ್ತನೇ ಒಂದು ಪಾಲು. ಮಿಕ್ಕಿದ್ದು ಗೋಡೆಗೆ, ಗಾಳಿಗೆ, ಅಡುಗೆ ಮಾಡುವವಳ ಮುಖಕ್ಕೆ.

1980ರ ದಶಕದ ಆರಂಭದಲ್ಲಿ ಬಂದ ಅಸ್ತ್ರ ಒಲೆಯ ಉಪಾಯ ಕೇಳಲು ಸರಳ. ಉರಿಯುವ ಜಾಗವನ್ನು ಮುಚ್ಚಿ, ಕೆಳಗೆ ಕಬ್ಬಿಣದ ಜಾಲರಿ ಇಟ್ಟು ಅದರ ಮೂಲಕ ಗಾಳಿ ಬಿಡುವುದು. ಬಿಸಿ ಅನಿಲ ಮೊದಲ ಪಾತ್ರೆಯನ್ನು ಕಾಯಿಸಿ, ಎರಡನೆಯದರ, ಮೂರನೆಯದರ ತಳ ಸವರಿ ಚಿಮಣಿಗೆ ಹೋಗುವುದು. ಪ್ರಯೋಗಾಲಯದಲ್ಲಿ ಶಾಖದ ಶೇ 40ಕ್ಕೂ ಹೆಚ್ಚು ಪಾತ್ರೆಗೆ ಸೇರಿತು.

ಆದರೆ ಈ ಒಲೆ ತನ್ನ ಅಳತೆಗಳಿಂದಲೇ ಬದುಕುತ್ತಿತ್ತು. ಸೌದೆ ಹಾಕುವ ಬಾಯಿ ಸ್ವಲ್ಪ ದೊಡ್ಡದಾದರೆ, ಪಾತ್ರೆ ಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಲಾಭವೆಲ್ಲ ಸೋರಿಹೋಗುತ್ತದೆ. ಸೌದೆಯನ್ನು ಸಣ್ಣಗೆ ಸೀಳಬೇಕು, ಚಿಮಣಿಯ ಮಸಿ ಆಗಾಗ ತೆಗೆಯಬೇಕು. ಉದ್ದನೆಯ ಕಟ್ಟಿಗೆಯನ್ನು ಹಾಗೇ ಒಲೆಗಿಟ್ಟು, ಉರಿದಂತೆಲ್ಲ ಒಳಗೆ ನೂಕುತ್ತ ಇನ್ನೊಂದು ಕೆಲಸ ನೋಡಿಕೊಳ್ಳುವ ಹಳೆಯ ಅನುಕೂಲ ಇಲ್ಲಿರಲಿಲ್ಲ. ಮುದ್ದೆ ತೊಳಸುವ ಮನೆಯಲ್ಲಂತೂ ಒಲೆ ಗಟ್ಟಿಯಾಗಿರಬೇಕು. ಕೋಲಿನ ಪೆಟ್ಟಿಗೆ ಮಡಕೆಯೂ ಅಲುಗಬಾರದು, ಒಲೆಯ ಅಂಚೂ ಬಿರುಕು ಬಿಡಬಾರದು. ಸೌದೆ ಉಳಿಯಿತು, ಕಣ್ಣುರಿ ತಪ್ಪಿತು, ನಿಜ. ಜೊತೆಗೆ ಒಂದಷ್ಟು ಹೊಸ ಕೆಲಸ ಬಂತು. ಅದೂ ಅದೇ ಕೈಗಳಿಗೇ.

ಹೊಗೆ ಬರೀ ಕಣ್ಣುರಿಯ ವಿಷಯವಲ್ಲ ಎಂಬ ಪುರಾವೆಯೂ ಅದೇ ವರ್ಷಗಳಲ್ಲಿ ಸಿಕ್ಕಿತು. ಅಮೆರಿಕದ ಕಿರ್ಕ್ ಸ್ಮಿತ್ ಇಲ್ಲಿನ ವಿಜ್ಞಾನಿಗಳ ಜೊತೆ ಸೇರಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನು ಅಳೆದರು. 1983ರಲ್ಲಿ ಪ್ರಕಟವಾದ ಆ ಅಂಕಿಗಳ ಪ್ರಕಾರ ಅಡುಗೆಮನೆಯ ಗಾಳಿ ದೊಡ್ಡ ನಗರಗಳ ಬೀದಿಗಿಂತ ಎಷ್ಟೋ ಪಟ್ಟು ಮಲಿನ. ಮನೆಯೊಳಗಿನ ಹೊಗೆಯಿಂದ 2012ರಲ್ಲಿ ಜಗತ್ತಿನಲ್ಲಿ 43 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ್ದು ಬಹಳ ತಡವಾಗಿ, 2014ರಲ್ಲಿ.

ದೆಹಲಿಯಲ್ಲಿ 1983ರ ಕೊನೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಸಬ್ಸಿಡಿ ಬಂತು, ಜಿಲ್ಲೆಗಿಷ್ಟು ಎಂಬ ಗುರಿ ಬಂತು. ಕರ್ನಾಟಕದಲ್ಲಿ ಅಸ್ತ್ರ ಒಲೆಯ ಜೊತೆಗೆ ‘ಸರಳೆ’ ಎಂಬ ಇನ್ನೊಂದು ಮಾದರಿಯೂ ಹಳ್ಳಿಗಳಿಗೆ ಹೋಯಿತು. 2002ರಲ್ಲಿ ಕೇಂದ್ರ ಸರ್ಕಾರ ಕಾರ್ಯಕ್ರಮದಿಂದ ಕೈತೆಗೆಯುವ ಹೊತ್ತಿಗೆ ಕಾಗದದ ಮೇಲೆ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳಿದ್ದವು. ಎಷ್ಟು ಒಲೆ ಕಟ್ಟಿದಿರಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟರೆ ಹಣ ಬಿಡುಗಡೆಯಾಗುತ್ತಿತ್ತು. ಮೂರನೇ ವರ್ಷ ಬಿರುಕು ಬಿಟ್ಟಾಗ ಅದನ್ನು ಮೆತ್ತಿ ಸರಿಮಾಡುವವರು ಯಾರು ಎಂಬ ಪ್ರಶ್ನೆಗೆ ಅಂಥ ಬೆಲೆ ಇರಲಿಲ್ಲ. ಒಡೆದ ಒಲೆಯ ಪಕ್ಕದಲ್ಲೇ ಎಷ್ಟೋ ಕಡೆ ಮತ್ತೆ ಮೂರು ಕಲ್ಲು ಹೂಡಿದರು.

ಪುರದಲ್ಲೇ ಇನ್ನೊಂದು ಪ್ರಯೋಗವೂ ನಡೆಯಿತು. ಊರಿನ ಸಗಣಿಯೆಲ್ಲ ಸೇರಿಸಿ ಅಡುಗೆಗೆ ಅನಿಲ ಕೊಡುವ ಯೋಚನೆ ಅದು. ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಕೊನೆಗೆ 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳವೆಬಾವಿಯಿಂದ ನಲ್ಲಿಗೆ ನೀರು ಕೊಟ್ಟರು. ಊರಿಗೆ ಅದು ದೊಡ್ಡ ಉಪಕಾರ. ನೀರು ಹೊರುವ ಹೆಂಗಸರಿಗೂ ಕೂಡ. ಆದರೂ ಸರದಿಯಲ್ಲಿ ಅಡುಗೆಮನೆ ಮತ್ತೆ ಹಿಂದೆ ಉಳಿಯಿತು.

ಹಸಿರು ಬದುಕು, ಆರೋಗ್ಯಕರ ಆಯ್ಕೆ ಎಂದು ಈಗ ಮಾತಾಡುವಾಗ ಆಯ್ಕೆ ಮಾಡುವವರು, ದುಡ್ಡು ಕೊಡುವವರು, ಉಸಿರಾಡುವವರು ಎಲ್ಲ ಒಬ್ಬರೇ ಎಂದು ನಾವು ಅಂದುಕೊಂಡಿರುತ್ತೇವೆ. ಒಲೆಯ ಚರಿತ್ರೆಯಲ್ಲಿ ಈ ಮೂವರೂ ಬೇರೆ ಬೇರೆ. ಆರಿಸುತ್ತಿದ್ದದ್ದು ಸರ್ಕಾರ, ಹಣದ ಮಾತಾಡುತ್ತಿದ್ದದ್ದು ಮನೆಯ ಯಜಮಾನ, ಹೊಗೆ ಕುಡಿಯುತ್ತಿದ್ದದ್ದು ಊದುಗೊಳವೆ ಹಿಡಿದವಳು. ಬಿಟ್ಟಿ ಸಿಗುವ ಪುಳ್ಳೆಯ ಬದಲು ಒಲೆಗೆ ಖರ್ಚು ಮಾಡಬೇಕೆ ಎಂದಾಗ ಅವಳ ಕೆಮ್ಮು ಲೆಕ್ಕಕ್ಕೆ ಬರಲಿಲ್ಲ.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಲ್ಲಿ ಗ್ಯಾಸ್ ಸಂಪರ್ಕವನ್ನು ಬಡ ಮನೆಯ ಹೆಂಗಸಿನ ಹೆಸರಿಗೇ ಕೊಡಲಾಯಿತು. ಅದು ಸಣ್ಣ ಬದಲಾವಣೆಯಲ್ಲ. ಆದರೆ ಮೊದಲ ಸಿಲಿಂಡರ್ ಮುಗಿದ ಮೇಲೆ ಎರಡನೆಯದಕ್ಕೆ ದುಡ್ಡು ಬೇಕು, ಆ ದುಡ್ಡು ಅವಳ ಕೈಯಲ್ಲಿರಬೇಕು. ಹಾಗಾಗಿ ಅನೇಕ ಮನೆಗಳಲ್ಲಿ ಇಂದಿಗೂ ಚಹಾ, ಸಾರು ಗ್ಯಾಸಿನ ಮೇಲೆ. ಮುದ್ದೆ, ಹಂಡೆಯ ನೀರು ಸೌದೆಯ ಮೇಲೆ. ಪುರದಲ್ಲಿ 1977ರಲ್ಲಿ ಬರೆಯಲು ಶುರುಮಾಡಿದ ಲೆಕ್ಕ ಆ ಒಲೆಗಳ ಮುಂದೆ ಇನ್ನೂ ಬಾಕಿ ಇದೆ.